ಕಲೆಯಿಲ್ಲದ ಕೈ

"ಬಾಗಿಲು ಹಾಕಿ ಅಮ್ಮಾವ್ರೇ. ಇದು ನಿಮಗೊಬ್ಬರಿಗೇ ತೋರಿಸೋದು," ಎಂದಳು ಏಣಿಯಣ್ಣನ ಹೆಂಡತಿ.

ಇನ್ಸ್‌ಪೆಕ್ಟರಮ್ಮ ಎದ್ದು ಹೋಗಿ ತಾನೇ ಬಾಗಿಲು ಹಾಕಿದಳು. ಆಚೆ ಕಡೆ ದಫೇದಾರ ಕೆಮ್ಮಿದ. ಕಿವಿಯನ್ನು ಬಾಗಿಲಿಗೆ ಅಂಟಿಸಿಕೊಂಡಾಗಲೆಲ್ಲ ಆ ಮನುಷ್ಯನಿಗೆ ಕೆಮ್ಮು ಬರುತ್ತಿತ್ತು.

"ದಫೇದಾರ್ರೇ, ಅಂಗಳಕ್ಕೆ ಹೋಗಿ ಕೆಮ್ಮಿ."

ಬೂಟಿನ ಸದ್ದು ದೂರವಾಯಿತು. ಹೆಂಗಸು ತಲೆಗೆ ಬಿಗಿದಿದ್ದ ಬಟ್ಟೆಯ ಗಂಟು ಬಿಚ್ಚಿದಳು. ಹಣೆಯಿಂದ ನೆತ್ತಿಯವರೆಗೆ ಕೂದಲು ಕಡುಗಪ್ಪು. ನೆತ್ತಿಯಿಂದ ಕತ್ತಿನವರೆಗೆ ಅಚ್ಚ ಬಿಳುಪು. ಹಣೆಯಂಚಿನಲ್ಲೂ ಕಿವಿಯ ತುದಿಯಲ್ಲೂ ಕಂದು ಕಲೆ ಉಳಿದಿತ್ತು.

"ಜ್ವರ ಬಂದು ಎದ್ದ ಮೇಲೆ ಹೀಗಾಯ್ತು," ಎಂದಳು ಆಕೆ ನೆಲ ನೋಡುತ್ತ. "ಕಾಯಿ ಒಡೆಯೋ ಮನೇಲಿ ಎಲ್ಲರೂ ನನ್ನ ಕೂದಲು ನೋಡಿ ಹೊಟ್ಟೆ ಉರ್ಕೊಳ್ಳೋರು. ಹೇಗೆ ತೋರಿಸಲಿ ಮುಖಾನ? ನಮ್ಮನೆಯವರೇ ಉದುರಿದ ಹುಳುಕು ಅಕ್ರೋಟು ಕಾಯಿ ಆರಿಸಿ ತಂದು, ಹಸಿರು ಸಿಪ್ಪೆ ಜಜ್ಜಿ, ರಸ ಹಚ್ಚೋರು. ಯಾರ ಹತ್ರಾನೂ ಬಾಯಿ ಬಿಡಬಾರದು ಅಂತ ಆಣೆ ಹಾಕಿಸ್ಕೊಂಡಿದ್ದೆ."

"ಮೇಷ್ಟ್ರು ಬಿದ್ದ ಸಂಜೆ?"

"ಹಿತ್ತಲಲ್ಲಿ ನನ್ನ ತಲೆ ಇವರ ಕೈಯಲ್ಲೇ ಇತ್ತು. ಮುಂದಿನ ಅರ್ಧ ಮುಗಿಸಿದ್ರು. ಹಿಂದಿನ ಅರ್ಧ ನಾಳೆ ಮಾಡೋಣ ಅಂದ್ರು. ಮರುದಿನ ನೀವು ಬಂದು ಹಿಡ್ಕೊಂಡು ಹೋದ್ರಿ."

ಇನ್ಸ್‌ಪೆಕ್ಟರಮ್ಮನಿಗೆ ಕುಳಿತ ಕುರ್ಚಿ ಮುಳ್ಳಾಯಿತು.

ನಡೆದದ್ದಿಷ್ಟು. ಅಕ್ರೋಟಿನ ಸಸಿಗೆ ಕಸಿ ಕಟ್ಟುವುದನ್ನು ಕಣಿವೆಗೆಲ್ಲ ಕಲಿಸಿದ ಕಸಿ ಮೇಷ್ಟ್ರು ಹಿಂದಿನ ವಾರ ಕಸಿಗೆ ಕಡ್ಡಿ ಕೊಡುವ ಹಳೆಯ ತಾಯಿಮರದ ಕಲ್ಲುಕಟ್ಟೆಯ ಬಳಿ ತಲೆಯೊಡೆದು ಬಿದ್ದಿದ್ದರು. ಈಗ ಆಸ್ಪತ್ರೆಯಲ್ಲಿ ಮಾತಿಲ್ಲದೆ ಮಲಗಿದ್ದಾರೆ. ಅವರ ಬಿಳಿ ಅಂಗಿಯ ಕಾಲರಿನ ಮೇಲೆ ಮರುದಿನ ಬೆಳಿಗ್ಗೆ ಅಗಲವಾದ ಕೈಯೊಂದರ ಕಂದು ಗುರುತು ಮೂಡಿತ್ತು. ಅಕ್ರೋಟಿನ ಹಸಿರು ಸಿಪ್ಪೆಯ ರಸವೇ ಹಾಗೆ. ತಾಗಿದಾಗ ನೀರಿನಂತಿರುತ್ತದೆ, ಗಾಳಿಯಾಡಿದಂತೆ ಕಪ್ಪಾಗುತ್ತದೆ. ಆಮೇಲೆ ಸೋಪು, ನಿಂಬೆಹಣ್ಣು, ಬೂದಿ, ಮನೆಯಲ್ಲಿರುವ ಏನು ಹಾಕಿ ಉಜ್ಜಿದರೂ ವಾರಗಟ್ಟಲೆ ಬಿಡುವುದಿಲ್ಲ.

ಇನ್ನೂ ಕೊಯ್ಲು ಶುರುವಾಗಿರಲಿಲ್ಲ. ಬೆಳೆಗಾರರ ಸೊಸೈಟಿ ಕೊಯ್ಲಿನ ದಿನ ಸಾರುವ ತನಕ ಯಾರೂ ಮರಕ್ಕೆ ಕಾಯಿ ಬಡಿಯುವ ಗಳ ಮುಟ್ಟಿಸುವ ಹಾಗಿಲ್ಲ. ಅವಸರದ ಕಾಯಿಯಲ್ಲಿ ತಿರುಳು ಸುಕ್ಕಾಗಿರುತ್ತದೆ. ಒಂದು ಮೂಟೆ ಸುಕ್ಕು ತಿರುಳು ಹೋದರೆ ಇಡೀ ಕಣಿವೆಯ ಹೆಸರು ಕೆಡುತ್ತದೆ. ಹಾಗಾಗಿ ಈ ಹೊತ್ತಿನಲ್ಲಿ ಕಪ್ಪಾದ ಕೈ ಎಂದರೆ ಕಳ್ಳನ ಕೈ ಎಂದು ಇಲ್ಲಿ ತೊಟ್ಟಿಲ ಕೂಸಿಗೂ ಗೊತ್ತು.

ಇಲ್ಲೇ ಹುಟ್ಟಿ ಬೆಳೆದ ಇನ್ಸ್‌ಪೆಕ್ಟರಮ್ಮ ಹಿಂದೆ ಮುಂದೆ ಯೋಚಿಸಲಿಲ್ಲ. ಕಾಯಿ ಒಡೆಯುವ ಮನೆಯಲ್ಲಿ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ "ಕೈ ತೋರಿಸಿ" ಎಂದಳು. ಏಣಿ ಮಾಡುವ, ಏಣಿ ಹತ್ತುವ, ಕಣಿವೆಗೆಲ್ಲ ಬೇಕಾದ ಏಣಿಯಣ್ಣನ ಕೈ ಮೊಣಕೈವರೆಗೆ ಕಪ್ಪಾಗಿತ್ತು. ಯಾಕೆಂದು ಕೇಳಿದರೆ ಬಾಯಿಗೆ ಬೀಗ. ಆ ಎರಡು ಕೈಗಳನ್ನು ತಾನೇ ಮೇಲೆತ್ತಿ ಹಿಡಿದು "ನೋಡಿ ಎಲ್ಲರೂ" ಎಂದದ್ದು ಅವಳಿಗೆ ಈಗ ನೆನಪಾಯಿತು. ಆ ಮಾತು ಹೇಳುವಾಗ ತನಗೆ ಎಷ್ಟು ಹೆಮ್ಮೆಯಿತ್ತೆಂಬುದೂ ನೆನಪಾಗಿ ಮುಖ ಮುಚ್ಚಿಕೊಳ್ಳಬೇಕೆನಿಸಿತು.

"ತಪ್ಪಾಯ್ತು," ಎಂದಳು. "ಈಗಲೇ ಬಿಡಿಸ್ತೀನಿ."

"ಬಿಟ್ಟರೆ ಆಯ್ತಾ? ಊರೆಲ್ಲ ನೋಡೋ ಹಾಗೆ ಹಿಡಿದವರು ನೀವು."

"ಅದೇ ಜಾಗದಲ್ಲಿ, ಅದೇ ಜನರ ಎದುರು ತಪ್ಪಾಯ್ತು ಅಂತೀನಿ. ನಿಮ್ಮ ಕೂದಲಿನ ಮಾತು ನನ್ನ ಬಾಯಿಂದ ಬರಲ್ಲ. ಆ ಕಾಲರ್ ಹಿಡಿದವನ ಕೈಯನ್ನೂ ಅಲ್ಲೇ ಎತ್ತಿ ತೋರಿಸ್ತೀನಿ."

"ಯಾರೇ ಆಗಿದ್ರೂ?"

"ಯಾರೇ ಆಗಿದ್ರೂ."

ಹೆಂಗಸು ಬಟ್ಟೆ ಕಟ್ಟಿಕೊಂಡಳು.

ಲಾಕಪ್ಪಿನ ಬಾಗಿಲು ತೆಗೆದಾಗ ಏಣಿಯಣ್ಣ ಇನ್ಸ್‌ಪೆಕ್ಟರಮ್ಮನ ಕಡೆ ನೋಡಲೇ ಇಲ್ಲ. ಹೆಂಡತಿಯನ್ನು ನೋಡಿದ.

"ಹೇಳ್ಬಿಟ್ಟೆಯಾ?"

"ಮತ್ತೇನು, ನೀವು ಇಲ್ಲೇ ಮುದುಕ ಆಗೋ ತನಕ ಸುಮ್ಮನಿರಬೇಕಿತ್ತಾ?"

"ಆಣೆ ಹಾಕಿಸಿದ್ದು ನೀನೇ ಅಲ್ವೇನೇ?"

"ಅರ್ಧ ತಲೆ ಇಟ್ಕೊಂಡು ಎಷ್ಟು ದಿನ ಬಟ್ಟೆ ಕಟ್ಕೊಂಡು ಓಡಾಡಲಿ? ಬನ್ನಿ ಸುಮ್ನೆ."

ದಫೇದಾರ ನಕ್ಕ. ಯಾರೂ ಜೊತೆಗೆ ನಗದಿದ್ದುದರಿಂದ ಬೀಗದ ಕೈ ಗೊಂಚಲನ್ನು ಸುಮ್ಮನೆ ಎಣಿಸತೊಡಗಿದ.

"ಅಣ್ಣಾ," ಎಂದಳು ಇನ್ಸ್‌ಪೆಕ್ಟರಮ್ಮ, "ಹಿಂದಿನ ಬಾಗಿಲಿನಿಂದ ಹೋಗಬಹುದು. ಯಾರೂ ನೋಡಲ್ಲ."

"ಬಂದಿದ್ದು ಮುಂದಿನ ಬಾಗಿಲಿಂದ." ಏಣಿಯಣ್ಣ ಮೊದಲ ಸಲ ಅವಳ ಮುಖ ನೋಡಿದ. "ಹಿಂದಿನ ಬಾಗಿಲು ನಂಗ್ಯಾಕಮ್ಮ?"

ಸಾಹೇಬರ ಮನೆಯವರೋ ಸೊಸೈಟಿಯವರೋ ಆಗಿದ್ದರೆ ತಾನು ಕೈ ಎತ್ತಿ ಹಿಡಿಯುವ ಮೊದಲು ಒಂದು ಸಲ ಒಳಗೆ ಕರೆದು ಕೇಳುತ್ತಿದ್ದೆ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಮುಂದಿನ ಬಾಗಿಲಿನಿಂದಲೇ ಮೂವರೂ ಬೀದಿಗಿಳಿದರು. ಚಪ್ಪಲಿ ಹೊಲಿಯುವವನು ಸೂಜಿ ನಿಲ್ಲಿಸಿ ನೋಡಿದ. ಅಂಗಡಿಯ ಮೆಟ್ಟಿಲ ಮೇಲೆ ಕುಳಿತವರು ಮಾತು ನಿಲ್ಲಿಸಿ ನೋಡಿದರು. ಅಷ್ಟರಲ್ಲಿ ಸೊಸೈಟಿಯ ಜೀಪು ಧ್ವನಿವರ್ಧಕ ಹೊತ್ತು ಮೇಲಿನ ತಿರುವಿನಿಂದ ಇಳಿದು ಬಂತು.

"ನಾಳೆ ಬೆಳಿಗ್ಗೆಯಿಂದ ಕೊಯ್ಲು! ಇವತ್ತು ಮಧ್ಯಾಹ್ನ ಎಲ್ಲರೂ ಒಡೆಯುವ ಮನೆಗೆ ಬಂದು ಗಳ, ತಾಡಪಾಲು ತೆಗೆದುಕೊಂಡು ಹೋಗಬೇಕು!"

ಬೀದಿಗೆ ಜೀವ ಬಂತು. ಬರದೆ ಏನು! ಈ ಇಳಿಜಾರಿನಲ್ಲಿ ನೇಗಿಲು ನಿಲ್ಲುವುದಿಲ್ಲ, ಕಾಳು ಬಿತ್ತಿದರೆ ಮೊದಲ ಮಳೆಗೆ ಹೊಳೆ ಸೇರುತ್ತದೆ. ಮನೆಯ ಮೇಲಿನ ತಗಡು, ಮಕ್ಕಳ ಫೀಜು, ಮಗಳ ಮದುವೆ, ಅಜ್ಜಿಯ ಔಷಧಿ, ಎಲ್ಲ ಅಕ್ರೋಟಿನ ಮರದಿಂದಲೇ ಉದುರಬೇಕು. ಸರಿ, ನಾಳೆ ಸಂಜೆಯೊಳಗೆ ಕಣಿವೆಯ ಪ್ರತಿ ಕೈಯೂ ಕಪ್ಪಾಗುತ್ತದೆ ಎಂದುಕೊಂಡಳು ಇನ್ಸ್‌ಪೆಕ್ಟರಮ್ಮ. ಕೈ ನೋಡಿ ಯಾರನ್ನಾದರೂ ಹಿಡಿಯುವುದಿದ್ದರೆ ಇವತ್ತೇ.

ಎರಡು ಹೆಜ್ಜೆ ನಡೆದವಳು ನಿಂತಳು.

ನಾಳೆ ಕೊಯ್ಲು ಎಂದು ಗೊತ್ತಾದದ್ದು ಹೇಗೆ?

ಕಾಯಿ ಸೀಳಿ ನೋಡದೆ ಯಾರೂ ದಿನ ಹೇಳಲಾರರು. ಹಸಿರು ಸಿಪ್ಪೆ ಬಿರಿದಿದೆಯೇ, ಚಿಪ್ಪಿನೊಳಗಿನ ಪೊರೆ ಕಂದಾಗಿದೆಯೇ ಎಂದು ಪ್ರತಿ ಇಳಿಜಾರಿನ ಕಾಯಿ ಸೀಳಿ ನೋಡಬೇಕು. ಕೊಯ್ಲಿಗೆ ಮುಂಚೆ ಹಸಿರು ಕಾಯಿ ಮುಟ್ಟುವ ಅಧಿಕಾರ ಇಡೀ ಕಣಿವೆಯಲ್ಲಿ ಒಬ್ಬರಿಗೇ ಇತ್ತು. ಸೊಸೈಟಿಯ ಕಾರ್ಯದರ್ಶಿಗೆ.

ಕಾರ್ಯದರ್ಶಿ ಎಂದರೆ ಅವಳ ಗಂಡ.

ಪ್ರತಿ ವರ್ಷ ಈ ಹೊತ್ತಿಗೆ ಕಣಿವೆಯಲ್ಲಿ ಮೊದಲು ಕಪ್ಪಾಗುವ ಕೈ ಅವನದೇ. ಮನೆಯ ಟವೆಲುಗಳಿಗೆಲ್ಲ ಕಂದು ಬೆರಳಗುರುತು ಬೀಳುತ್ತಿದ್ದವು. "ನಿಮ್ಮದೊಂದು ಗೋಣಿಚೀಲ ಬೇರೆ ಇಟ್ಕೊಳ್ಳಿ, ಅದರಲ್ಲೇ ಒರೆಸ್ಕೊಳ್ಳಿ" ಎಂದು ಅವಳು ಪ್ರತಿ ವರ್ಷ ಜಗಳ ಆಡುತ್ತಿದ್ದಳು. ಈ ವರ್ಷ ಜಗಳವಾಗಿರಲಿಲ್ಲ. ಟವೆಲುಗಳು ಬೆಳ್ಳಗೇ ಇದ್ದವು.

"ಈ ಸಲ ಇನ್ನೂ ಸೀಳಿಲ್ಲ ಕಣೇ, ಚಳಿ ತಡವಾಗಿದೆ," ಎಂದಿದ್ದ ಅವನು, ಮೇಷ್ಟ್ರು ಬಿದ್ದ ಮರುದಿನ ಬೆಳಿಗ್ಗೆ. ಕೆಂಪಗೆ ಸುಲಿದುಹೋಗಿದ್ದ ಅಂಗೈಗಳನ್ನು ಅವಳ ಮುಂದೆ ಚಾಚಿದ್ದ. ಚಳಿ ತಡವಾಗಿದೆ ಎಂದ ಬಾಯಲ್ಲೇ ಚಳಿಗೆ ಕೈ ಒಡೆದಿದೆ ಎಂದಿದ್ದ. ಅವಳು ತಮಾಷೆ ಮಾಡುತ್ತ ಮುಲಾಮು ಹಚ್ಚಿ, ಟೋಪಿ ಹಾಕಿಕೊಂಡು, ಒಡೆಯುವ ಮನೆಯಲ್ಲಿ ಕಪ್ಪು ಕೈ ಹುಡುಕಲು ಹೊರಟಿದ್ದಳು. ಅಲ್ಲಿ ಎಲ್ಲರ ಕೈ ನೋಡಿದಾಗ ಗಂಡ ಅವಳ ಪಕ್ಕದಲ್ಲೇ ಕೋಟಿನ ಜೇಬಿಗೆ ಕೈ ಹಾಕಿಕೊಂಡು ನಿಂತಿದ್ದ. ಅವನನ್ನು ಕೇಳಬೇಕೆಂದು ಅವಳಿಗೆ ತೋಚಿರಲೇ ಇಲ್ಲ.

"ಯಾಕಮ್ಮಾವ್ರೇ ನಿಂತ್ರಿ?" ಎಂದಳು ಏಣಿಯಣ್ಣನ ಹೆಂಡತಿ.

"ಏನಿಲ್ಲ. ನೀವು ನಡೀರಿ, ಬಂದೆ."

ಒಡೆಯುವ ಮನೆಯ ಹಿಂಭಾಗದಲ್ಲಿ ಚಿಪ್ಪು ತೊಳೆಯುವ ಕೋಣೆ. ಪೇಟೆಯವರಿಗೆ ಕಾಯಿಯ ಚಿಪ್ಪು ಬೆಳ್ಳಗಿದ್ದರೇ ಚೆಂದ. ಅದಕ್ಕಾಗಿ ಅಲ್ಲಿ ಬ್ಲೀಚಿಂಗ್ ಪುಡಿಯ ಡ್ರಮ್ಮುಗಳು, ಸಿಮೆಂಟಿನ ತೊಟ್ಟಿಗಳು, ಮೂಗು ಸುಡುವ ವಾಸನೆ. ತೊಟ್ಟಿಗಳ ನಡುವೆ ಸೀಮೆಎಣ್ಣೆ ಸ್ಟೌವಿನ ಪಕ್ಕ ಸ್ಟೂಲು ಹಾಕಿಕೊಂಡು ಅತ್ತೆ ಕುಳಿತಿದ್ದರು. ಒಡೆಯುವ ಮನೆಯ ಮೇಲ್ವಿಚಾರಣೆ ಅವರದು. ಕೈಗೆ ಉಣ್ಣೆಯ ಗವಸು.

"ಬಾರಮ್ಮ. ಟೀ ಕುಡೀತೀಯಾ?"

"ಬೇಡ ಅತ್ತೆ. ಈ ವರ್ಷ ಕಾಯಿ ಸೀಳಿ ನೋಡಿದ್ದು ಯಾರು?"

"ಇನ್ಯಾರು ನೋಡ್ತಾರೆ? ನಿನ್ನ ಗಂಡ."

"ಯಾವತ್ತು?"

ಅತ್ತೆ ಸ್ಟೌವಿನ ಉರಿ ಸಣ್ಣ ಮಾಡಿದರು. ಸಣ್ಣದಾದ ಮೇಲೂ ತಿರುಪು ತಿರುಗಿಸುತ್ತಲೇ ಇದ್ದರು.

"ಗವಸು ತೆಗೀರಿ ಅತ್ತೆ."

"ಚಳಿ ಕಣಮ್ಮ."

"ಬೆಂಕಿ ಪಕ್ಕದಲ್ಲೇ ಕೂತಿದ್ದೀರಲ್ಲ."

"ಸೊಸೆಯಾಗಿ ಮಾತಾಡ್ತಿದ್ದೀಯೋ, ಇಲ್ಲ ಪೊಲೀಸ್ನೋಳಾಗಿ ಮಾತಾಡ್ತಿದ್ದೀಯೋ?"

"ಗೊತ್ತಿಲ್ಲ," ಎಂದಳು ಇನ್ಸ್‌ಪೆಕ್ಟರಮ್ಮ. ಅದು ನಿಜವೇ ಆಗಿತ್ತು.

ಅತ್ತೆ ಗವಸು ಎಳೆದು ತೊಡೆಯ ಮೇಲಿಟ್ಟುಕೊಂಡರು. ಕಾಯಿ ಒಡೆದು ಒಡೆದು ಆಕೆಯ ಬೆರಳ ತುದಿಗಳು ಕಂದಾಗಿಯೇ ಇರುತ್ತಿದ್ದವು. ಸೊಸೆಯಾಗಿ ಬಂದ ದಿನದಿಂದ ಅವಳು ಕಂಡದ್ದು ಅದೇ ಬೆರಳು. ಈಗ ಆ ಕೈಗಳು ಬೇಯಿಸಿ ಸುಲಿದ ಆಲೂಗೆಡ್ಡೆಯ ಹಾಗಿದ್ದವು. ಬಣ್ಣವಿಲ್ಲ, ಗೆರೆಯಿಲ್ಲ, ಬೆರಳ ಸಂದಿಯಲ್ಲಿ ಚರ್ಮ ಎದ್ದು ನಿಂತಿತ್ತು.

ಊರಿಡೀ ಕಪ್ಪು ಕೈ ಹುಡುಕಿದ ಬುದ್ಧಿವಂತೆ! ಹುಡುಕಬೇಕಾಗಿದ್ದು ಬಿಳಿ ಕೈಯನ್ನು. ಅದು ತನ್ನ ಅಡಿಗೆ ಮನೆಯಲ್ಲೇ ಓಡಾಡುತ್ತಿತ್ತು.

"ನನ್ನ ಕೈ ನಾನು ತೊಳ್ಕೊಂಡಿದ್ದಲ್ಲ," ಎಂದರು ಅತ್ತೆ. "ಅವನದು ತೊಳೆದೆ. ನೀನು ಆಸ್ಪತ್ರೆಗೆ ಓಡಿದ್ದೆ. ಅವನು ಇಲ್ಲಿಗೆ ಬಂದ. ಚಿಕ್ಕವನಿದ್ದಾಗ ಕೆಸರು ತೊಳೀತಿದ್ದೆನಲ್ಲ, ಹಾಗೇ ಹಿಡ್ಕೊಂಡು ತೊಳೆದೆ. ಉರಿ ಉರಿ ಅಂತ ಅಳ್ತಿದ್ದ."

"ಅವರ ಕೈಲಿ ಕಲೆ ಇದ್ದಿದ್ರೆ ಯಾರೂ ಏನೂ ಕೇಳ್ತಿರಲಿಲ್ಲ ಅತ್ತೆ. ಪ್ರತಿ ವರ್ಷ ಇರೋದೇ ಅಲ್ವಾ?"

"ಹೆದರಿದವರಿಗೆ ಅಷ್ಟೆಲ್ಲ ಎಲ್ಲಿ ಹೊಳೆಯುತ್ತೆ? ಅವನಿಗೂ ಹೊಳೀಲಿಲ್ಲ, ನನಗೂ ಹೊಳೀಲಿಲ್ಲ."

"ಮೇಷ್ಟ್ರಿಗೂ ಅವರಿಗೂ ಏನಾಯ್ತು?"

"ಅವನು ತಾಯಿಮರದ ಹತ್ರ ಕಾಯಿ ಸೀಳ್ತಿದ್ದನಂತೆ. ಮೇಷ್ಟ್ರು ಬಂದು ಜಗಳ ತೆಗೆದ್ರಂತೆ. ಸೊಸೈಟಿ ಹಂಚಿದ ಸಸಿ ಯಾವುದರಲ್ಲೂ ಕಸಿಯ ಗಂಟೇ ಇಲ್ಲ, ಎಲ್ಲ ಬೀಜದ ಸಸಿ, ನಾಳೆ ಎಲ್ಲರಿಗೂ ಹೇಳ್ತೀನಿ ಅಂದ್ರಂತೆ. ಇವನು ಕಾಲರ್ ಹಿಡಿದು ತಳ್ಳಿದ. ಸಾಯಿಸಬೇಕು ಅಂತಲ್ಲ. ದೇವರಾಣೆಗೂ ಅಲ್ಲ."

"ಸಸಿ ವಿಷಯ ನಿಜವಾ?"

ಅತ್ತೆ ತಲೆ ತಗ್ಗಿಸಿ ತೊಡೆಯ ಮೇಲಿನ ಗವಸು ಮಡಚತೊಡಗಿದರು.

ಕಣಿವೆಯ ಮನೆಮನೆಯವರೂ ಹಳೆಯ ಮರ ಕಡಿದು ಆ ಸಸಿ ನೆಟ್ಟಿದ್ದರು. ತಾಯಿಮರದ ಕಸಿ, ಬೇಗ ಕಾಯಿ ಬಿಡುತ್ತದೆ, ಚಿಪ್ಪು ತೆಳು ಎಂದು ನಂಬಿದ್ದರು. ಬೀಜದ ಗಿಡ ಯಾವಾಗ ಬಿಟ್ಟೀತೋ, ಎಂಥ ಕಾಯಿ ಬಿಟ್ಟೀತೋ ಯಾರಿಗೂ ಹೇಳಲಾಗದು. ಮೋಸ ಗೊತ್ತಾಗುವ ಹೊತ್ತಿಗೆ ನೆಟ್ಟವರ ತಲೆ ನರೆತಿರುತ್ತದೆ. ಆ ಸಸಿಯನ್ನು ಹಂಚುವ ದಿನ ಗಂಡನ ಪಕ್ಕದಲ್ಲಿ ನಿಂತು ಚಪ್ಪಾಳೆ ತಟ್ಟಿದವರಲ್ಲಿ ಇನ್ಸ್‌ಪೆಕ್ಟರಮ್ಮನೂ ಒಬ್ಬಳು.

"ನಾಳೆ ಎಲ್ಲರ ಕೈಯೂ ಕಪ್ಪಾಗುತ್ತೆ," ಎಂದರು ಅತ್ತೆ ಮೆಲ್ಲಗೆ. "ಅವನದೂ ಆಗುತ್ತೆ, ನಂದೂ ಆಗುತ್ತೆ. ಇವತ್ತೊಂದು ದಿನ ಸುಮ್ಮನಿರು ತಾಯಿ. ಏಣಿಯವನನ್ನ ಬಿಟ್ಟಿದ್ದೀಯಲ್ಲ, ಸಾಕು."

"ಮಾತು ಕೊಟ್ಟಿದ್ದೀನಿ ಅತ್ತೆ."

"ಯಾರಿಗೆ? ಒಬ್ಬ ಏಣಿಯವನ ಹೆಂಡತಿಗೆ?"

"ಹೌದು. ಅವರಿಗೇ."

"ಸರಿ ಹಾಗಾದ್ರೆ, ನನಗೊಂದು ಹೇಳು." ಅತ್ತೆ ಕಣ್ಣೆತ್ತಿದರು. "ಅವತ್ತು ಬೆಳಿಗ್ಗೆ ಅವನ ಕೈಗೆ ಮುಲಾಮು ಹಚ್ಚಿದ್ದು ನೀನು. ಅಷ್ಟು ಹತ್ತಿರ ಹಿಡ್ಕೊಂಡಿದ್ದೆ. ಈ ಪುಡಿ ವಾಸನೆ ನಿನ್ನ ಮೂಗಿಗೆ ಬರಲಿಲ್ವಾ?"

ಇನ್ಸ್‌ಪೆಕ್ಟರಮ್ಮ ಪುಡಿಯ ಡ್ರಮ್ಮುಗಳ ಕಡೆ ತಿರುಗಿದಳು.

ಬಂದಿತ್ತು. ಖಂಡಿತ ಬಂದಿತ್ತು. ಈ ಪುಡಿಯ ಮಧ್ಯೆಯೇ ಬೆಳೆದವಳು ಅವಳು. ವಾಸನೆ ಬಂದ ಕೂಡಲೇ ಒಂದಿಷ್ಟು ಹೆಚ್ಚು ಮುಲಾಮು ಒತ್ತಿಕೊಂಡು ಜೋರಾಗಿ ಮಾತಾಡಲು ಶುರುಮಾಡಿದ್ದಳು. ಯಾಕೆ ಹಾಗೆ ಮಾಡಿದೆ ಎಂದು ತನ್ನನ್ನು ತಾನು ಕೇಳಿಕೊಂಡಿರಲಿಲ್ಲ. ಕೇಳಿಕೊಳ್ಳದೆ ಹೋಗಿ ಪರರ ಗಂಡನ ಕೈ ಎತ್ತಿ ಹಿಡಿದಿದ್ದಳು. ಅವಳಿಗೆ ಅಲ್ಲೇ ನೆಲ ಬಾಯ್ಬಿಡಬಾರದೇ ಎನ್ನಿಸಿತು.

ಆಚೆ ಗಂಟೆ ಹೊಡೆಯಿತು. ಜನ ಸೇರುವ ಸದ್ದು ಕೇಳಿತು.

"ಕ್ಷಮಿಸಿ ಅತ್ತೆ," ಎಂದು ಅವಳು ಹೊರಟಳು.

ಒಡೆಯುವ ಮನೆಯ ಉದ್ದನೆಯ ಮೇಜುಗಳ ಸುತ್ತ ಜನ ಕಿಕ್ಕಿರಿದಿದ್ದರು. ಗೋಡೆಗೆ ಗಳಗಳನ್ನು ಒರಗಿಸಿದ್ದರು. ಹೆಂಗಸರು ತಾಡಪಾಲು ಮಡಚುತ್ತ, ನಾಳೆ ಯಾರು ಯಾವ ಮರಕ್ಕೆ ಎಂದು ಕಿತ್ತಾಡುತ್ತ ನಗುತ್ತಿದ್ದರು. ಕಾರ್ಯದರ್ಶಿ ಮೈಕಿನ ಮುಂದೆ ನಿಂತಿದ್ದ. ಕೈ ಕೋಟಿನ ಜೇಬಿನಲ್ಲಿತ್ತು. ಬಾಗಿಲ ಬಳಿ ಏಣಿಯಣ್ಣ ನಿಂತಿದ್ದ. ಅವನ ಸುತ್ತ ಮಾತ್ರ ಜನ ಒಂದಿಷ್ಟು ಜಾಗ ಬಿಟ್ಟಿದ್ದರು.

ಹೆಂಡತಿಯನ್ನು ಕಂಡು ಕಾರ್ಯದರ್ಶಿ ಮೈಕಿನಿಂದ ಪಕ್ಕಕ್ಕೆ ಸರಿದ. "ಏನೇ?"

"ನಾನೊಂದು ಮಾತು ಹೇಳಬೇಕು ರೀ."

ಅವಳು ಟೋಪಿ ತೆಗೆದು ಮೇಜಿನ ಮೇಲಿಟ್ಟಳು.

"ಹಿಂದಿನ ವಾರ ಇಲ್ಲೇ ನಿಂತು ಏಣಿಯಣ್ಣನ ಕೈ ನಿಮಗೆಲ್ಲ ತೋರಿಸಿದೆ. ಅವರು ಏನೂ ಮಾಡಿಲ್ಲ. ತಪ್ಪು ನಂದು. ಪೂರ್ತಿ ನಂದೇ. ಅಣ್ಣಾ, ಹೊಟ್ಟೆಗೆ ಹಾಕ್ಕೊಳ್ಳಿ." ಕೈ ಮುಗಿದಳು.

ಏಣಿಯಣ್ಣ ತನ್ನ ಕಪ್ಪು ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಹಿಂದಕ್ಕೆ ಕಟ್ಟಿಕೊಂಡ.

"ಹಾಗಾದ್ರೆ ಕೈ ಯಾಕೆ ಕಪ್ಪಾಗಿತ್ತಂತೆ?" ಹಿಂದಿನಿಂದ ಯಾರೋ ಕೂಗಿದರು.

ಏಣಿಯಣ್ಣನ ಹೆಂಡತಿ ತಲೆಯ ಬಟ್ಟೆಯನ್ನು ಬಿಗಿಯಾಗಿ ಹಿಡಿದುಕೊಂಡಳು.

"ಅದು ಅವರ ಮನೆ ಮಾತು. ನನಗೆ ಗೊತ್ತಾಗಿದೆ, ಅಷ್ಟು ಸಾಕು."

"ಮತ್ತೆ ಯಾರು ಮಾಡಿದ್ದು?"

ಅವಳು ಗಂಡನ ಕಡೆ ತಿರುಗಿದಳು. ಅವನು ನಕ್ಕ. ಮುಲಾಮಿಗೆ ಕೈ ಚಾಚಿದ ಬೆಳಿಗ್ಗೆ ನಕ್ಕ ಹಾಗೆಯೇ ನಕ್ಕ. ಅವನಿಗೆ ಎಲ್ಲ ತಿಳಿದುಹೋಗಿದೆ ಎಂದು ಅವಳಿಗೆ ಆ ನಗುವಿನಲ್ಲೇ ಗೊತ್ತಾಯಿತು.

"ರೀ," ಎಂದಳು. "ಕೈ..."

"ನಾನು!"

ಹಿಂದಿನ ಬಾಗಿಲಿನಿಂದ ಅತ್ತೆ ಜನರನ್ನು ಸರಿಸಿಕೊಂಡು ಬಂದರು. ಗವಸು ಕಂಕುಳಲ್ಲಿತ್ತು. ಸುಲಿದ ಬಿಳಿ ಕೈಗಳೆರಡನ್ನೂ ತಲೆಯ ಮೇಲಕ್ಕೆ ಎತ್ತಿದ್ದರು.

"ನೋಡ್ಕೊಳ್ಳಿ. ಬ್ಲೀಚಿಂಗ್ ಪುಡಿ ಹಾಕಿ ತೊಳ್ಕೊಂಡಿದ್ದೀನಿ. ಮೇಷ್ಟ್ರನ್ನ ತಳ್ಳಿದ್ದು ನಾನೇ. ಸೊಸೆ ಇದನ್ನೇ ಹೇಳೋಕೆ ಬಂದಿದ್ದು, ಪಾಪ, ಬಾಯಿ ಬರ್ತಿಲ್ಲ."

ಮನೆ ತುಂಬ ಗುಜುಗುಜು ಎದ್ದಿತು. ಆ ಪುಟ್ಟ ಕೈಗಳು ಕಾಲರಿನ ಮೇಲಿನ ಅಗಲವಾದ ಗುರುತಿನ ಅರ್ಧವನ್ನೂ ತುಂಬುವುದಿಲ್ಲ. ಅದು ಗೊತ್ತಿದ್ದವರು ಅಲ್ಲಿ ಮೂವರೇ. ಅದರಲ್ಲಿ ಒಬ್ಬರು ಕೈ ಎತ್ತಿ ನಿಂತಿದ್ದರು. ಒಬ್ಬ ತುಟಿ ಬಿಚ್ಚದೆ ನಿಂತಿದ್ದ.

ಮೂರನೆಯವಳಿಗೆ ಹಾಯೆನಿಸಿತು. ಅಬ್ಬ, ಉಳಿದೆವು ಎನ್ನಿಸಿತು. ಮುದುಕಿ, ಜನ ಕನಿಕರ ತೋರುತ್ತಾರೆ, ಏಣಿಯಣ್ಣನ ಹೆಸರೂ ಉಳಿಯಿತು, ಮನೆಯೂ ಉಳಿಯಿತು ಎಂದು ಮನಸ್ಸು ಆಗಲೇ ಲೆಕ್ಕ ಹಾಕತೊಡಗಿತ್ತು. ಆ ಲೆಕ್ಕ ತನ್ನದೇ ಎಂದು ತಿಳಿದಾಗ ಅವಳಿಗಾದ ನಾಚಿಕೆಯ ಮುಂದೆ ಬೆಳಗಿನಿಂದ ಪಟ್ಟದ್ದೆಲ್ಲ ಏನೂ ಅಲ್ಲ.

ಏಣಿಯಣ್ಣನ ಹೆಂಡತಿ ಮೇಜುಗಳ ನಡುವೆ ನಡೆದು ಬಂದು ಅವಳೆದುರು ನಿಂತಳು. ಅತ್ತೆಯ ಕೈಗಳನ್ನು ನೋಡಿದಳು. ಕಾರ್ಯದರ್ಶಿಯ ಕೋಟನ್ನು ನೋಡಿದಳು.

"ಅಮ್ಮಾವ್ರೇ," ಎಂದಳು, "ಇವರೇನಾ?"

ಕಣಿವೆಯೇ ಅವಳ ಬಾಯಿಯನ್ನು ನೋಡುತ್ತಿತ್ತು. ಗಂಡನ ಕೈಗಳು ಇನ್ನೂ ಜೇಬಿನಲ್ಲೇ ಇದ್ದವು.